ಟ್ರೌಟ್ ಸಿಕ್ಕಿತು: ಬಾಣಲೆಗೋ, ತೊರೆಗೋ?

ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕ್‌ನ ಸಣ್ಣ ತೊರೆಗಳಲ್ಲಿ ಗಾಳಕ್ಕೆ ಸಿಕ್ಕ ಟ್ರೌಟ್ (ತಣ್ಣೀರಿನ ಮೀನು) ಇಟ್ಟುಕೊಳ್ಳಲೂಬಹುದು, ನೀರಿಗೆ ಬಿಡಲೂಬಹುದು, ಎರಡಕ್ಕೂ ಅವಕಾಶ ಇದೆ. ಇಟ್ಟುಕೊಳ್ಳುವುದಾದರೆ ಕನಿಷ್ಠ 7 ಇಂಚು ಇರಬೇಕು, ದಿನಕ್ಕೆ 5 ಮೀನು ಮಾತ್ರ.

ರೇನ್‌ಬೋ, ಬ್ರೌನ್ ಟ್ರೌಟ್ ಹೊರಗಿನಿಂದ ತಂದು ಬಿಟ್ಟವು. ಅಲ್ಲಿಯದೇ ಆದ ಬ್ರೂಕ್ ಟ್ರೌಟ್‌ನ ಜಾಗ ಕಿತ್ತುಕೊಂಡಿವೆ. ಒಂದೆರಡು ರೇನ್‌ಬೋ ಹುರಿದು ತಿಂದರೆ ನಾನಂತೂ ತಪ್ಪು ಅನ್ನುವುದಿಲ್ಲ. ಗಾಳ ಗಂಟಲಿಗಿಳಿದು ಕಿವಿರಿನಿಂದ ರಕ್ತ ಬರುತ್ತಿದ್ದರೂ ಅಷ್ಟೇ, ಅಳತೆ ಸರಿಯಿದ್ದರೆ ಇಟ್ಟುಕೊಳ್ಳಿ. ಬಿಟ್ಟರೂ ಅದು ಬದುಕುವುದು ಕಷ್ಟ.

ಬ್ರೂಕ್ ಟ್ರೌಟ್ ಆದರೆ ನನ್ನ ಓಟು ಬಿಡುವುದಕ್ಕೇ. ಸುಮ್ನೆ ನೀರಿಗೆ ಎಸೆದರೆ ಆಗಲಿಲ್ಲ. ಮುಳ್ಳಿಲ್ಲದ ಗಾಳ (ತುದಿಯ ಹತ್ತಿರ ಹಿಮ್ಮುಖ ಮೊನೆ ಇಲ್ಲದ್ದು) ಬಳಸಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣಗೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಬಿಟ್ಟ ಮೀನೂ ಸಾಯಬಹುದು, ಅವತ್ತು ಗಾಳ ಹಾಕಲೇಬೇಡಿ.