ನಲಿ-ಕಲಿ ಕೊಠಡಿ: ಏಣಿ ಗಟ್ಟಿಯಾಗಿದೆ, ನೂಕುನುಗ್ಗಲು ಮೊದಲ ತಟ್ಟೆಯಲ್ಲಿ

ಸರ್ಕಾರಿ ಶಾಲೆಯ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ಕಾರ್ಡು ಹಿಡಿದು ಕೂತಿದ್ದರೆ ಅದು ನಲಿ-ಕಲಿ. ಆಂಧ್ರದ ರಿಷಿವ್ಯಾಲಿ ಶಾಲೆಯ ಕಾರ್ಡು ಪದ್ಧತಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರು ಮಾಡಿದ್ದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಮಗುವನ್ನು ಸೇರಿಸುವ ಮುನ್ನ ಗೋಡೆಯ ಬಣ್ಣ ನೋಡಬೇಡಿ, ಕಾರ್ಡಿನ ಟ್ರೇ ನೋಡಿ.

ದಿನ ನಡೆಯುವುದು ಹೀಗೆ. ಮಗು ಗೋಡೆಯ ಕಲಿಕಾ ಏಣಿಯಲ್ಲಿ (ಕಲಿಯುವುದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ) ತನ್ನ ಮೆಟ್ಟಿಲು ಗುರುತಿಸುತ್ತದೆ. ಆ ಮೆಟ್ಟಿಲಿನ ಲೋಗೋ, ಅಂದರೆ ಗುರುತಿನ ಚಿತ್ರ, ಇರುವ ಟ್ರೇಯಿಂದ ಅದೇ ಸಂಖ್ಯೆಯ ಕಾರ್ಡು ತೆಗೆಯುತ್ತದೆ. ಪ್ರತಿ ಗುಂಪಿಗೂ ಗುರುತಿಗೆ ಒಂದು ತಟ್ಟೆ ಇರುತ್ತದೆ; ಲೋಗೋ ಯಾವ ತಟ್ಟೆಯಲ್ಲಿದೆಯೋ ಆ ಗುಂಪಿಗೆ ಹೋಗಿ ಕೂರುತ್ತದೆ: ಶಿಕ್ಷಕರ ಬೆಂಬಲದ್ದು, ಸಹಪಾಠಿ ಬೆಂಬಲದ್ದು, ಸ್ವಕಲಿಕೆ, ಮೌಲ್ಯಮಾಪನ, ಹೀಗೆ. ಮುಗಿದ ಮೇಲೆ ಮುಂದಿನ ಮೆಟ್ಟಿಲು. ಅಪ್ಪ-ಅಮ್ಮನ ಜೊತೆ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಹೋಗಿ ತಿಂಗಳು ಬಿಟ್ಟು ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಈ ಒಂದು ಕಾರಣಕ್ಕೇ ಪದ್ಧತಿಗೆ ಪೂರ್ತಿ ಅಂಕ ಕೊಡಬಹುದು.

ಕನ್ನಡ ಕಲಿಸುವ ಕ್ರಮವೂ ಜಾಣತನದ್ದು. ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲ ಕಂತಿನಲ್ಲಿ ಬರುವುದು ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಕಾಗುಣಿತ, ಒತ್ತಕ್ಷರದ ಕಾಟ ಆಮೇಲೆ. 'ನಮ್ಮ ಮಗೂಗೆ ವರ್ಣಮಾಲೆನೇ ಬರಲ್ಲ' ಎಂದು ಜಗಳಕ್ಕೆ ಹೋಗುವ ಪೋಷಕರು ಮೊದಲು ಈ ಪದಗಳನ್ನು ಬರೆದು ಓದಿಸಿ ನೋಡಲಿ.

ಕೆಡುವುದು ಎಲ್ಲಿ? ಮೊದಲನೆಯದು, ಕಾರ್ಡು. ಪ್ಲಾಸ್ಟಿಕ್ ಹೊದಿಕೆ ಮೂಲೆಯಿಂದ ಏಳುತ್ತದೆ, ಮಕ್ಕಳು ಅದನ್ನು ಸುಲಿಯುತ್ತಾರೆ (ಸುಲಿಯದೆ ಬಿಡುವ ಮಗು ಇನ್ನೂ ಹುಟ್ಟಿಲ್ಲ). ಮೈಲಿಗಲ್ಲಿನ (ಕೆಲವು ಮೆಟ್ಟಿಲುಗಳ ಒಂದು ಕಂತಿನ) ನಡುವೆ ಒಂದು ಕಾರ್ಡು ಕಳೆದರೂ ಆ ಮೆಟ್ಟಿಲಿಗೆ ಬಂದವರೆಲ್ಲ ಅಲ್ಲೇ ನಿಲ್ಲುತ್ತಾರೆ, ಇಲ್ಲವೇ ಹಾರಿ ಮುಂದೆ ಹೋಗುತ್ತಾರೆ. ಹಾರಿದ್ದು ಇನ್ನೂ ಕೆಟ್ಟದ್ದು, ಯಾಕೆಂದರೆ ಮೌಲ್ಯಮಾಪನದ ಕಾರ್ಡಿನವರೆಗೂ ಅದು ಗೊತ್ತಾಗುವುದಿಲ್ಲ. ಶನಿವಾರ ಟ್ರೇಗಳನ್ನು ಸಂಖ್ಯೆ ಪ್ರಕಾರ ಜೋಡಿಸಿ, ಇಲ್ಲದ್ದನ್ನು ರಟ್ಟಿನ ಮೇಲೆ ಕೈಯಲ್ಲೇ ಬರೆದಿಡುವ ಶಾಲೆಯಲ್ಲಿ ಈ ತಾಪತ್ರಯ ಕಮ್ಮಿ.

ಎರಡನೆಯದು ದೊಡ್ಡದು. ಹೊಸ ವಿಷಯ ಪರಿಚಯವಾಗುವುದು ಶಿಕ್ಷಕರ ಬೆಂಬಲದ ತಟ್ಟೆಯಲ್ಲಿ, ಟೀಚರ್ ಮಾತ್ರ ಒಬ್ಬರೇ. ಜೂನ್, ಜುಲೈನಲ್ಲಿ ಒಂದನೇ ತರಗತಿಯವರೆಲ್ಲ ಅಲ್ಲೇ ಗುಂಪಾಗುತ್ತಾರೆ. ಆಗ ಸಹಪಾಠಿ ಗುಂಪಿನಲ್ಲಿ ಕಲಿಕೆ ನಿಂತು ನಕಲು ಶುರುವಾಗುತ್ತದೆ: ಒಬ್ಬ ಬರೆಯುತ್ತಾನೆ, ಮೂವರು ನೋಡಿಕೊಳ್ಳುತ್ತಾರೆ, ಮಕ್ಕಳು ದಾಟಿದ ಮೆಟ್ಟಿಲು ಗುರುತಿಸುವ ಪ್ರಗತಿ ನೋಟದಲ್ಲಿ ನಾಲ್ವರಿಗೂ ಗುರುತು ಬೀಳುತ್ತದೆ. ಇದನ್ನು ಹಿಡಿಯುವುದು ಸುಲಭ. ಮಗು ದಾಟಿದ ಮೆಟ್ಟಿಲಿನ ಅಕ್ಷರಗಳಿಂದಲೇ, ಕಾರ್ಡಿನಲ್ಲಿಲ್ಲದ ಒಂದು ಪದ ಮಾಡಿ ಓದಿಸಿ. ತಡವರಿಸಿದರೆ ಗುರುತು ಸುಳ್ಳು. ಟೀಚರ್ ತರಬೇತಿಗೋ ಸಮೀಕ್ಷೆಗೋ ಹೋದ ದಿನವಂತೂ ತಟ್ಟೆಗಳು ಬರೀ ಅಲಂಕಾರ.

ಹೋಮ್‌ವರ್ಕ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ರಾಜ್ಯದ 2019ರ ಆದೇಶದಂತೆ ಒಂದು, ಎರಡನೇ ತರಗತಿಗೆ ಮನೆಗೆಲಸ ಕೊಡುವಂತಿಲ್ಲ, ಬ್ಯಾಗ್ ತೂಕ 2 ಕೆ.ಜಿ. ದಾಟುವಂತಿಲ್ಲ. ಕಾರ್ಡು ಶಾಲೆಯಲ್ಲೇ ಉಳಿಯುವುದರಿಂದ ಬ್ಯಾಗ್ ಹಗುರ. ಮನೆಯಲ್ಲಿ ಏನಾದರೂ ಮಾಡಿಸಲೇಬೇಕೆಂದರೆ ಅವತ್ತಿನ ಕಾರ್ಡಿನ ನಾಲ್ಕು ಪದ ಸ್ಲೇಟಿನ ಮೇಲೆ ಬರೆಸಿದರೆ ಸಾಕು. ಮುಂದಿನ ಮೆಟ್ಟಿಲನ್ನು ಮನೆಯಲ್ಲೇ ಹತ್ತಿಸಲು ಹೋಗಬೇಡಿ, ಮರುದಿನ ಆ ಕಾರ್ಡು ಮಗುವಿಗೆ ಬೇಜಾರು ತರಿಸುತ್ತದೆ.

ಮಕ್ಕಳು ಇಪ್ಪತ್ತೈದರ ಒಳಗಿದ್ದು, ಟ್ರೇ ತುಂಬಿದ್ದರೆ ಕಣ್ಣುಮುಚ್ಚಿ ಸೇರಿಸಿ. ನಲವತ್ತು ದಾಟಿದ್ದರೆ ಎರಡನೇ ಟೀಚರ್ ಇದ್ದಾರಾ ಎಂದು ಕೇಳಿ. ಮೂರನೇ ತರಗತಿಯ ಕೊನೆಯ ತಿಂಗಳುಗಳಲ್ಲಿ ಪಠ್ಯಪುಸ್ತಕ ತೆರೆಸಿ ಪುಟಗಟ್ಟಲೆ ಓದುವ ರೂಢಿ ಮಾಡಿಸುತ್ತಾರಾ ಎಂಬುದನ್ನೂ ವಿಚಾರಿಸಿ. ನಾಲ್ಕನೇ ತರಗತಿಯಲ್ಲಿ ಏಣಿ ಇರುವುದಿಲ್ಲ, ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ.