ಹಳೇ ಚೀಟಿ ಹಿಡಿದು ಶ್ವಾಸಕೋಶದ ಮಾತ್ರೆ ನುಂಗಬೇಡಿ

ವೈರಲ್ ನ್ಯುಮೋನಿಯಾ ವಾಸಿಯಾಗಿ ಮನೆಗೆ ಬಂದು ಮೂರು ವಾರ ಆಗಿತ್ತು. ಸಿಟಿ ಸ್ಕ್ಯಾನ್ ವರದಿಯಲ್ಲಿ ‘ಫೈಬ್ರೋಸಿಸ್ ಇರಬಹುದು’, ಅಂದರೆ ಶ್ವಾಸಕೋಶದಲ್ಲಿ ಗಾಯದಂಥ ಗಟ್ಟಿ ಕಲೆ ಇರಬಹುದು ಅಂತ ಇತ್ತು. ರಾತ್ರಿಯೆಲ್ಲ ಕೂತು ಓದಬಾರದ್ದನ್ನೆಲ್ಲ ಓದಿದೆ. ಮಾರನೇ ದಿನ ನೋಡಿದ ಡಾಕ್ಟರು ಐದೇ ನಿಮಿಷದಲ್ಲಿ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್, ಫೈಬ್ರೋಸಿಸ್‌ಗೆ ಕೊಡುವ ಪಿರ್ಫೆನಿಡೋನ್ ಎರಡನ್ನೂ ಬರೆದರು. ಲಿವರ್ ಟೆಸ್ಟ್ ಇಲ್ಲ. ಎಷ್ಟು ದಿನ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸ್ಟೀರಾಯ್ಡ್ ಶುರುವಾದ ವಾರದಲ್ಲೇ ಮೈ ಹಗುರ, ಹಸಿವೋ ಹಸಿವು. ವಾಸಿಯಾಗ್ತಿದೆ ಅಂದುಕೊಂಡು ಅದೇ ಚೀಟಿ ತೋರಿಸಿ ನಾಲ್ಕು ತಿಂಗಳು ತಂದೆ. ಮೆಡಿಕಲ್ ಸ್ಟೋರ್‌ನವರು ತಾರೀಖು ನೋಡಲೇ ಇಲ್ಲ. ಮುಖ ಊದಿತು, ನಿದ್ದೆ ಕೆಟ್ಟಿತು, ಶುಗರ್ ಏರಿತು. ಪಿರ್ಫೆನಿಡೋನ್ ಅನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ದಿನವಿಡೀ ವಾಕರಿಕೆ. ಸ್ವಲ್ಪ ಹೊತ್ತು ಬಿಸಿಲಿಗೆ ಹೋದರೂ ಕತ್ತು, ಮುಂಗೈ ಸುಟ್ಟ ಹಾಗೆ ಕೆಂಪಾಗುತ್ತಿತ್ತು. ಊಟದ ಜೊತೆ ತಗೋಬೇಕು, ಬಿಸಿಲು ತಪ್ಪಿಸಬೇಕು ಅನ್ನೋದು ಗೊತ್ತಾಗಿದ್ದು ಆಮೇಲೆ.

ಬೇಸತ್ತು ಒಂದು ದಿನ ಎರಡನ್ನೂ ಒಟ್ಟಿಗೇ ಬಿಟ್ಟೆ. ಮಾಡಿದ್ದರಲ್ಲೆಲ್ಲ ದೊಡ್ಡ ತಪ್ಪು ಅದೇ. ಮೂರನೇ ದಿನ ಹಾಸಿಗೆಯಿಂದ ಎದ್ದು ನಿಂತರೆ ಕಣ್ಣು ಕತ್ತಲೆ. ವಾಂತಿ, ಕೈಕಾಲಲ್ಲಿ ಕಸುವಿಲ್ಲ, ಬಿಪಿ ನೆಲಕಚ್ಚಿತ್ತು. ಸ್ಟೀರಾಯ್ಡ್ ವಾರಗಟ್ಟಲೆ ಹೊರಗಿನಿಂದ ಸಿಗ್ತಿದ್ದರೆ, ಮೈಯೊಳಗೆ ಅದನ್ನು ಹೋಲುವ ಹಾರ್ಮೋನ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟು ಮಲಗಿಬಿಡುತ್ತದೆ. ಡೋಸ್ ಮೆಲ್ಲಗೆ ಇಳಿಸಿದರೆ ಮಾತ್ರ ಏಳುತ್ತದೆ.

ತುರ್ತು ವಾರ್ಡಿಗೆ ಬಂದ ಶ್ವಾಸಕೋಶ ತಜ್ಞೆ ಹಳೇ ಸ್ಕ್ಯಾನ್, ಹೊಸ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ತೋರಿಸಿದರು. ಮೊದಲನೆಯದರಲ್ಲಿ ಉಜ್ಜಿದ ಗಾಜಿನಂಥ ಮಸುಕು. ಅದರಲ್ಲಿ ಬಹುಪಾಲು ಉರಿಯೂತ, ಕಲೆ ಅಲ್ಲ. ಎಷ್ಟೋ ಜನರಲ್ಲಿ ಅದು ತಿಂಗಳು ಕಳೆದ ಹಾಗೆ ತಾನಾಗೇ ತಿಳಿಯಾಗುತ್ತದಂತೆ. ಉರಿಯೂತ ಉಳಿದಿದ್ದರೆ ಸ್ಟೀರಾಯ್ಡ್ ಉಪಯೋಗಕ್ಕೆ ಬರುತ್ತದೆ, ಗಟ್ಟಿಯಾದ ಕಲೆಯನ್ನು ಅದು ಕರಗಿಸುವುದಿಲ್ಲ. ಪಿರ್ಫೆನಿಡೋನ್, ಅದೇ ಕೆಲಸಕ್ಕೆ ಕೊಡುವ ನಿಂಟೆಡಾನಿಬ್ ಕೂಡ ಕಲೆ ಹಬ್ಬುವ ವೇಗ ತಗ್ಗಿಸುತ್ತವೆ ಅಷ್ಟೇ. ಅಮೆರಿಕದಲ್ಲಿ 2014ರಲ್ಲಿ ಅವಕ್ಕೆ ಒಪ್ಪಿಗೆ ಸಿಕ್ಕಿದ್ದೂ ಐಪಿಎಫ್‌ಗೆ, ಅಂದರೆ ಕಾರಣ ತಿಳಿಯದೆ ಬೆಳೆಯುತ್ತಲೇ ಹೋಗುವ ಫೈಬ್ರೋಸಿಸ್‌ಗೆ. ನನ್ನದು ಆ ಜಾತಿಯದೇ ಅಲ್ಲ!

ಇನ್ನೊಂದು ಭ್ರಮೆಯೂ ಒಡೆಯಿತು. ಕೂತಾಗ ಬೆರಳಿನ ಆಕ್ಸಿಮೀಟರ್ ರಕ್ತದ ಆಕ್ಸಿಜನ್ ಶೇ 97 ತೋರಿಸುತ್ತಿತ್ತು, ಅದನ್ನೇ ನಂಬಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಆರು ನಿಮಿಷ ನಡೆಸಿದರು, 89ಕ್ಕೆ ಇಳಿಯಿತು. ಇದನ್ನೂ, ಆಕ್ಸಿಜನ್ ರಕ್ತಕ್ಕೆ ಎಷ್ಟು ಚೆನ್ನಾಗಿ ದಾಟುತ್ತದೆ ಅಂತ ನೋಡುವ ಡಿಎಲ್‌ಸಿಒ ಪರೀಕ್ಷೆಯನ್ನೂ ಅಲ್ಲೀತನಕ ಯಾರೂ ಮಾಡಿಸಿರಲಿಲ್ಲ.

ನಿಮಗೂ ಇಂಥ ಚೀಟಿ ಸಿಕ್ಕರೆ ಎಷ್ಟು ದಿನ, ಹೇಗೆ ಇಳಿಸೋದು, ಲಿವರ್ ಟೆಸ್ಟ್ ಯಾವಾಗ, ಮತ್ತೆ ಸ್ಕ್ಯಾನ್ ಯಾವಾಗ ಅಂತ ಕೇಳದೆ ಕುರ್ಚಿ ಬಿಟ್ಟು ಏಳಬೇಡಿ. ಈಗಾಗಲೇ ತಗೊಳ್ತಿದ್ದರೆ ಇದನ್ನು ಓದಿ ದಿಢೀರಂತ ನಿಲ್ಲಿಸಲೂ ಬೇಡಿ.

ನನಗೀಗ ದಿನಾ ನಡಿಗೆ, ಉಸಿರಾಟದ ವ್ಯಾಯಾಮ. ಶ್ವಾಸಕೋಶದ ಕೆಳಭಾಗದಲ್ಲಿ ಚೂರು ಕಲೆ ಉಳಿದಿದೆ. ಮೊನ್ನೆ ಅದೇ ಆರು ನಿಮಿಷದ ನಡಿಗೆಯಲ್ಲಿ 93ಕ್ಕಿಂತ ಕೆಳಗೆ ಇಳಿಯಲಿಲ್ಲ. ಪ್ರೆಡ್ನಿಸೋಲೋನ್ ಅರ್ಧ ಮಾತ್ರೆಗೆ ಬಂದಿದೆ, ಇನ್ನೂ ಮುಗಿದಿಲ್ಲ.