ಪೊಟ್ಟಣದ ಬಿಳಿಭಾಗವೋ, ಒಡೆದ ತತ್ತಿಯ ಬಿಳಿಭಾಗವೋ?

ತತ್ತಿಯ ಬಿಳಿಭಾಗವನ್ನಷ್ಟೇ ತುಂಬಿದ ಪೊಟ್ಟಣಗಳು ಹುಡುಕಿದರೆ ಈಗ ಹುಬ್ಬಳ್ಳಿಯಲ್ಲೂ ಸಿಗುತ್ತವೆ. ನಮ್ಮ ಮಾವನವರಿಗೆ ವೈದ್ಯರು ಹಳದಿಭಾಗವನ್ನು ಕಡಿಮೆ ಮಾಡಲು ಹೇಳಿದಂದಿನಿಂದ ಮನೆಯಲ್ಲಿ ಬಿಳಿಭಾಗದ ಖರ್ಚು ಹೆಚ್ಚಿದೆ. ಹೀಗಾಗಿ ಈ ಪೊಟ್ಟಣವನ್ನೂ ಓಣಿಯ ಕಿರಾಣಿ ಅಂಗಡಿಯಿಂದ ಟ್ರೇಗಟ್ಟಲೆ ತರುವ ತತ್ತಿಯನ್ನೂ ಒಂದೇ ಬಗೆಯ ಅಡುಗೆಗಳಿಗೆ ಬಳಸಿ ನೋಡಿದ್ದೇನೆ. ಎರಡೂ ತತ್ತಿಯದೇ ಬಿಳಿಭಾಗವಾದರೂ ಅಡುಗೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ ಎಂಬುದು ನನ್ನ ಅನುಭವ. ಅಡುಗೆ ಕೆಡುವುದು ಪದಾರ್ಥದ ಗುಣಕ್ಕಿಂತ ಹೆಚ್ಚಾಗಿ ಅಳತೆಯಿಂದ.

ನಮ್ಮಲ್ಲಿ ಸಿಗುವ ತತ್ತಿ ಸಾಮಾನ್ಯವಾಗಿ 50ರಿಂದ 55 ಗ್ರಾಂ ತೂಗುತ್ತದೆ. ಅದರಲ್ಲಿ ಐದರಲ್ಲಿ ಮೂರು ಪಾಲಿನಷ್ಟು, ಎಂದರೆ ಸುಮಾರು 30 ಗ್ರಾಂ, ಬಿಳಿಭಾಗವಿರುತ್ತದೆ. ಇದು 15 ಮಿ.ಲೀ. ಹಿಡಿಯುವ ಟೇಬಲ್ ಚಮಚದಲ್ಲಿ ಎರಡು ಚಮಚಕ್ಕೆ ಸರಿಹೋಗುತ್ತದೆ. ಅಮೆರಿಕದ ಅನೇಕ ಪೊಟ್ಟಣಗಳ ಮೇಲೆ ಮಾತ್ರ ಒಂದು ಸಲದ ಪ್ರಮಾಣ 3 ಟೇಬಲ್ ಚಮಚ, 46 ಗ್ರಾಂ ಎಂದು ಮುದ್ರಿಸಿರುತ್ತಾರೆ. ಅದು ಪೋಷಕಾಂಶಗಳ ಪಟ್ಟಿಗಾಗಿ ಇಟ್ಟುಕೊಂಡ ಲೆಕ್ಕವೇ ಹೊರತು ಒಂದು ತತ್ತಿಯ ಲೆಕ್ಕವಲ್ಲ. ಅದನ್ನೇ ಒಂದು ಬಿಳಿಭಾಗವೆಂದು ಹಿಡಿದವರು ನಾಲ್ಕು ಬಿಳಿಭಾಗ ಬೇಕಾದ ಕೇಕಿಗೆ ಆರರಷ್ಟು ಸುರಿದಿರುತ್ತಾರೆ, ಹಿಟ್ಟು ನೀರಾದದ್ದು ಏಕೆಂದು ತಿಳಿಯದೆ ಒದ್ದಾಡುತ್ತಾರೆ. ಇಡೀ ತತ್ತಿಯ ಬದಲಿಗೆ ಹಾಕುವುದಾದರೆ 3ರಿಂದ 4 ಟೇಬಲ್ ಚಮಚ ಬೇಕು. ಆದರೆ ಹಳದಿಭಾಗದ ಜಿಡ್ಡು ಅದರಲ್ಲಿ ಇರುವುದಿಲ್ಲವಾದ್ದರಿಂದ ಒಂದು ಚಮಚ ಶೇಂಗಾ ಎಣ್ಣೆಯನ್ನೋ ಬೆಣ್ಣೆಯನ್ನೋ ಸೇರಿಸದಿದ್ದರೆ ತಿನಿಸು ಒಣಗಿದಂತಾಗುತ್ತದೆ.

ಚಮಚದ ಅಳತೆಯಲ್ಲಿ ಪೊಟ್ಟಣದ್ದೇ ಮೇಲುಗೈ. ಆಗತಾನೆ ಒಡೆದ ತತ್ತಿಯ ಬಿಳಿಭಾಗದಲ್ಲಿ ತೆಳುವಾದ ನೀರಿನಂಥ ಭಾಗವೂ ಹಳದಿಯನ್ನು ಸುತ್ತುವರಿದ ದಪ್ಪ ಲೋಳೆಯೂ ಬೇರೆಬೇರೆಯಾಗಿಯೇ ಇರುತ್ತವೆ. ಚಮಚದಲ್ಲಿ ಎತ್ತಿದರೆ ದಪ್ಪ ಲೋಳೆ ಅಂಚಿನಿಂದ ಇಳಿಬಿದ್ದು, ಒಂದಿಷ್ಟು ಜಾರಿತೆನ್ನುವಷ್ಟರಲ್ಲಿ ಪೂರ್ತಿ ಜಾರಿ ಬಟ್ಟಲಿಗೆ ವಾಪಸು ಬೀಳುತ್ತದೆ. ಅರ್ಧ ಚಮಚ ಬೇಕೆಂದರೆ ಕತ್ತರಿಸಲೂ ಬಾರದು. ಫೋರ್ಕಿನಿಂದ ನೊರೆಯೇಳದಂತೆ ಮೆಲ್ಲಗೆ ಕಲಸಿ, ಜಾಳಿಗೆಯಲ್ಲಿ ಸೋಸಿದ ಮೇಲಷ್ಟೇ ಅದು ಅಳತೆಗೆ ಬಗ್ಗುತ್ತದೆ. ಪೊಟ್ಟಣದ್ದನ್ನು ತುಂಬುವ ಮೊದಲೇ ಏಕರೂಪಗೊಳಿಸಿರುವುದರಿಂದ ಚೆನ್ನಾಗಿ ಅಲುಗಾಡಿಸಿ ಸುರಿದರೆ ಸಾಕು. ಎರಡಕ್ಕೂ ಒಪ್ಪುವ ಉಪಾಯವೆಂದರೆ ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ. ಬಟ್ಟಲನ್ನು ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಒಂದು ಬಿಳಿಭಾಗಕ್ಕೆ 30 ಗ್ರಾಂನಂತೆ ಸುರಿದುಕೊಂಡರೆ ಚಮಚದ ಗೊಡವೆಯೇ ಇಲ್ಲ. ನಮ್ಮ ಮನೆಗಳಲ್ಲಿ ಊಟಕ್ಕೆ ಬಳಸುವ ಚಮಚಗಳ ಗಾತ್ರ ಒಂದರಂತೆ ಒಂದಿರುವುದಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಹಂಚಿನ ಮೇಲೆ ಕಥೆ ಬೇರೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಆಮ್ಲೆಟ್ ಹುಯ್ದರೆ ಒಡೆದ ತತ್ತಿಯ ಬಿಳಿಭಾಗ ದಪ್ಪವಾಗಿ ನಿಂತು, ಅಂಚು ಕೆಂಪಾಗುವವರೆಗೂ ಒಳಗೆ ಮೆತ್ತಗೆ ಉಳಿಯುತ್ತದೆ. ಪೊಟ್ಟಣದ್ದು ಹಂಚಿನ ಉದ್ದಗಲಕ್ಕೂ ಹರಡಿ ತೆಳ್ಳಗಾಗುತ್ತದೆ, ಉರಿ ಸ್ವಲ್ಪ ಹೆಚ್ಚಾದರೂ ರಬ್ಬರಿನಂತೆ ಬಿಗಿದುಕೊಂಡು ಬದಿಯಲ್ಲಿ ನೀರು ಬಿಡುತ್ತದೆ. ಬಿಳಿಭಾಗದಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುವುದರಿಂದ ಪ್ರೋಟೀನು ಅತಿಯಾಗಿ ಬಿಗಿದಾಗ ಆ ನೀರು ಹೊರಬರಲೇಬೇಕು. ಸಣ್ಣ ಹಂಚು, ಸಣ್ಣ ಉರಿ, ಮೇಲೊಂದು ಮುಚ್ಚಳ, ಮೊದಲೇ ಹುರಿದು ಪಸೆ ಆರಿಸಿದ ಉಳ್ಳಾಗಡ್ಡಿ, ಇಷ್ಟಿದ್ದರೆ ಪೊಟ್ಟಣದ ಆಮ್ಲೆಟ್ಟೂ ರೊಟ್ಟಿಯ ಜೊತೆ ತಿನ್ನುವಂತಾಗುತ್ತದೆ. ಎಗ್ ರೈಸಿಗೆ ಮಾತ್ರ ನಾನು ಅದನ್ನು ಒಪ್ಪಲಾರೆ. ದೊಡ್ಡ ಉರಿಯಲ್ಲಿ ಅದು ಬಿಟ್ಟ ನೀರನ್ನೆಲ್ಲ ಅನ್ನ ಕುಡಿದು ಮುದ್ದೆಯಾಗುತ್ತದೆ. ಹಿಟ್ಟಿಗೆ ಬೆರೆಸುವ ಕೆಲಸದಲ್ಲಿ, ಉದಾಹರಣೆಗೆ ಗೋಧಿ ದೋಸೆಗೋ ಥಾಲಿಪೆಟ್ಟಿಗೋ ಕಟ್ಲೆಟ್ಟಿಗೋ ಸೇರಿಸುವಾಗ, ಪೊಟ್ಟಣದ್ದು ಎಳೆ ಎಳೆಯಾಗದೆ ಒಂದೇ ಸಮನೆ ಬೆರೆಯುತ್ತದೆ. ಅಲ್ಲಿ ತತ್ತಿ ಒಡೆಯುವ ಶ್ರಮವೇ ವ್ಯರ್ಥ.

ನೊರೆಯೆಬ್ಬಿಸುವ ಕೆಲಸಕ್ಕೆ ಒಡೆದ ತತ್ತಿಯೇ ಬೇಕು. ಪೊಟ್ಟಣಕ್ಕೆ ತುಂಬುವ ಮುನ್ನ ಬಿಳಿಭಾಗವನ್ನು ಗಟ್ಟಿಯಾಗದಷ್ಟು ಹದವಾಗಿ ಬಿಸಿಮಾಡಿ ಪಾಶ್ಚರೀಕರಿಸುತ್ತಾರೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಹದ 56.7 ಡಿಗ್ರಿ ಸೆಲ್ಸಿಯಸ್, ಮೂರೂವರೆ ನಿಮಿಷ. ಇದರಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುತ್ತದೆ, ಆದರೆ ನೊರೆಯನ್ನು ಹಿಡಿದು ನಿಲ್ಲಿಸುವ ಪ್ರೋಟೀನುಗಳೂ ಅಷ್ಟಿಷ್ಟು ಸೊರಗುತ್ತವೆ. ಬೀಟರ್ ಹಿಡಿದು ಬಹಳ ಹೊತ್ತು ಕಡೆದು, ನಿಂಬೆರಸದ ಹನಿ ಹಾಕಿದ ಮೇಲೂ ನೊರೆ ಎದ್ದಷ್ಟೇ ಬೇಗ ಕುಸಿಯುವುದನ್ನು ಕಂಡಿದ್ದೇನೆ. ಒಡೆದ ತತ್ತಿಗೂ ನಿಯಮವಿದೆ: ಫ್ರಿಜ್‌ನಿಂದ ತೆಗೆದ ಕೂಡಲೇ ಹಳದಿಯನ್ನು ಬೇರ್ಪಡಿಸಬೇಕು, ತಣ್ಣಗಿದ್ದಾಗ ಹಳದಿ ಸುಲಭವಾಗಿ ಒಡೆಯುವುದಿಲ್ಲ. ಕಡೆಯುವುದು ಮಾತ್ರ ಬಿಳಿಭಾಗ ಕೋಣೆಯ ಉಷ್ಣತೆಗೆ ಬಂದ ಮೇಲೆ. ಹಳದಿಯ ಒಂದು ಹನಿ ಬೆರೆತರೂ ಅದರ ಜಿಡ್ಡು ನೊರೆಯನ್ನು ಕೆಡಿಸುತ್ತದೆ.

ಪಾಶ್ಚರೀಕರಿಸಿದ್ದೆಂದು ಹಸಿಯಾಗಿಯೇ ಕುಡಿಯುವವರನ್ನೂ ಕಂಡಿದ್ದೇನೆ; ನಾನು ಕುಡಿಯುವುದಿಲ್ಲ, ಮನೆಯವರಿಗೂ ಕೊಡುವುದಿಲ್ಲ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದುಕೊಂಡುಬಿಡುತ್ತದೆ, ಪಾಶ್ಚರೀಕರಣದ ಅಲ್ಪ ಬಿಸಿಗೆ ಅದು ಜಗ್ಗುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ, ನಾನು ಕೊಂಡ ದರಕ್ಕೆ, ಪೊಟ್ಟಣದಲ್ಲಿನ ಒಂದು ಬಿಳಿಭಾಗಕ್ಕೆ ಒಂದು ಇಡೀ ತತ್ತಿಗಿಂತ ಹೆಚ್ಚು ಬೀಳುತ್ತದೆ. ಹಳದಿಯನ್ನು ಚೆಲ್ಲುವ ಮನೆಯಾದರೆ ಈ ವ್ಯತ್ಯಾಸ ಅಷ್ಟಾಗಿ ಕಾಣದಿರಬಹುದು, ಆದರೆ ನಮ್ಮಲ್ಲಿ ಮಕ್ಕಳ ಬುರ್ಜಿಗೆ ಅದು ಸಲ್ಲುತ್ತದೆ. ಅದೂ ಅಲ್ಲದೆ, 500 ಗ್ರಾಂ ಪೊಟ್ಟಣವನ್ನು ಒಮ್ಮೆ ತೆರೆದರೆ ಹದಿನಾರು ಬಿಳಿಭಾಗದಷ್ಟನ್ನು ಕೆಲವೇ ದಿನಗಳಲ್ಲಿ ಮುಗಿಸಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕರೆಂಟು ಹೋಗಿ ಫ್ರಿಜ್ ಬೆಚ್ಚಗಾದರೆ ಆ ಗಡುವೂ ಉಳಿಯುವುದಿಲ್ಲ. ಹೀಗಾಗಿ ವಾರವಿಡೀ ದೋಸೆ, ಕಟ್ಲೆಟ್ ಮಾಡುವುದಿದ್ದರೆ ಮಾತ್ರ ನಾನು ಪೊಟ್ಟಣ ತರುತ್ತೇನೆ. ಉಳಿದ ದಿನಗಳಲ್ಲಿ ಒಡೆದ ತತ್ತಿಯ ಬಿಳಿಭಾಗ ಮಿಕ್ಕರೆ ಅದನ್ನು ಐಸ್ ಟ್ರೇಯ ಗುಳಿಗಳಲ್ಲಿ 15 ಗ್ರಾಂನಂತೆ ತೂಗಿ ಹೆಪ್ಪುಗಟ್ಟಿಸುತ್ತೇನೆ. ಎರಡು ಗಟ್ಟಿ ಸೇರಿದರೆ ಒಂದು ತತ್ತಿಯ ಲೆಕ್ಕ, ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿಟ್ಟರೆ ಬೆಳಗಿನ ನಾಷ್ಟಾಕ್ಕೆ ಕರಗಿ ಸಿದ್ಧವಾಗಿರುತ್ತದೆ.